ಜೂನ್ 1ರ ಬೆಳಗ್ಗೆ: ನಿವೃತ್ತರಾಗುವವರಿಗೊಂದು ಆರೋಗ್ಯದ ಕೈಪಿಡಿ

ಮೇ 31 ಬಂತೆಂದರೆ ನಮ್ಮ ಸರ್ಕಾರಿ ಕಚೇರಿಗಳಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಗಳ ಸುಗ್ಗಿ. ಕಾರಣ ನಿಮಗೂ ಗೊತ್ತಿರುತ್ತದೆ. ಶಾಲೆಗೆ ಸೇರಿಸುವಾಗ ಅಪ್ಪನಿಗೆ ಹುಟ್ಟಿದ ತಾರೀಖು ನೆನಪಿರಲಿಲ್ಲ, ಮೇಷ್ಟ್ರು ತಮಗೆ ತೋಚಿದಂತೆ ಜೂನ್ 1 ಅಂತ ಬರೆದುಕೊಂಡರು, ಅರವತ್ತು ತುಂಬಿದಾಗ ಸರ್ಕಾರ ಅದೇ ಬರಹ ಹಿಡಿದು ನಮ್ಮನ್ನು ಮನೆಗೆ ಕಳಿಸುತ್ತದೆ. ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ಕಡೆಯ ದಿನ. ನಾನೂ ಆ ಗುಂಪಿನವನೇ. ಅಮ್ಮ ಹೇಳುತ್ತಿದ್ದ ಪ್ರಕಾರ ನಾನು ಹುಟ್ಟಿದ್ದು ಆಯುಧಪೂಜೆ ಆದ ಮೂರನೇ ದಿನ.

ಪೇಟ ಹಾಕಿಸಿಕೊಂಡು, "ಸಾರ್, ಇನ್ಮೇಲೆ ಆರಾಮಾಗಿರಿ" ಅಂತ ಹತ್ತಾರು ಜನರಿಂದ ಹೇಳಿಸಿಕೊಂಡು ಮನೆಗೆ ಬಂದೆ. ಆರಾಮಾಗಿಯೇ ಇದ್ದೆ. ಎಂಟು ತಿಂಗಳಲ್ಲಿ ತೂಕ ಆರು ಕಿಲೋ ಏರಿತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.3 ಬಂತು, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಹೆಂಡತಿ ಜೊತೆ ದಿನಕ್ಕೊಂದು ಜಗಳ ಬೇರೆ.

ವಯಸ್ಸಾಯ್ತು, ಅಷ್ಟೇ ಅಂದುಕೊಂಡೆ. ಡಾಕ್ಟರು ಮಾತ್ರ "ಮುಂಚೆ ಆಫೀಸಿಗೆ ಹೇಗೆ ಹೋಗ್ತಿದ್ರಿ?" ಅಂತ ಕೇಳಿದರು. ಹೇಳುತ್ತಾ ಹೋದಂತೆ ನನಗೇ ಆಶ್ಚರ್ಯ. ಬಸ್ ಸ್ಟಾಪಿಗೆ ಒಂದು ಕಿಲೋಮೀಟರ್, ಇಳಿದ ಮೇಲೆ ಅರ್ಧ ಕಿಲೋಮೀಟರ್, ಎರಡು ಮಹಡಿ ಮೆಟ್ಟಿಲು, ಟಪಾಲು ಸೆಕ್ಷನ್ನಿಗೆ ನಾಲ್ಕು ಸಲ, ಟೀಗೆ ಎರಡು ಸಲ, ಮತ್ತೆ ಸಂಜೆ ವಾಪಸ್. ವ್ಯಾಯಾಮವನ್ನೇ ಮಾಡದ ನಾನು ದಿನಕ್ಕೆ ಐದು ಕಿಲೋಮೀಟರ್ ನಡೆಯುತ್ತಿದ್ದೆ, ಗೊತ್ತೇ ಇರಲಿಲ್ಲ. ಈಗ ಮೊಬೈಲು ತೋರಿಸುತ್ತಿದ್ದದ್ದು 1,100 ಹೆಜ್ಜೆ.

ಸಂಬಳ ನಿಲ್ಲುತ್ತದೆ ಅಂತ ಎಲ್ಲರೂ ಮೊದಲೇ ಲೆಕ್ಕ ಹಾಕಿ ಇಟ್ಟುಕೊಂಡಿರುತ್ತೇವೆ. ಆದರೆ ಕಚೇರಿ ನಮಗೆ ಪುಕ್ಕಟೆಯಾಗಿ ನಡಿಗೆ ಕೊಡುತ್ತಿತ್ತು, ಹೊತ್ತಿಗೆ ಸರಿಯಾಗಿ ಊಟ ಮಾಡಿಸುತ್ತಿತ್ತು, ಹತ್ತು ಜನರ ಜೊತೆ ಮಾತಾಡಿಸುತ್ತಿತ್ತು, "ಯಾಕೆ ಲೇಟು?" ಅಂತ ಕೇಳಲು ಒಬ್ಬರನ್ನು ಇಟ್ಟಿತ್ತು. ಇವೂ ಅದೇ ದಿನ ನಿಲ್ಲುತ್ತವೆ, ಇವಕ್ಕೆ ಪಿಂಚಣಿ ಇಲ್ಲ. ಒಂದೊಂದನ್ನೂ ನಾವೇ ಕೈಯಾರೆ ವಾಪಸ್ ಕಟ್ಟಿಕೊಳ್ಳಬೇಕು. ಅದು ಹೇಗೆ ಅಂತ ನಾನು ಎಡವಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಪ್ರಶ್ನೆ: ನಿವೃತ್ತಿಯಿಂದ ಆರೋಗ್ಯ ಕೆಡುತ್ತದಾ?

"ಅವರು ರಿಟೈರ್ ಆಗಿ ಆರೇ ತಿಂಗಳಿಗೆ ಹೋಗಿಬಿಟ್ಟರು" ಅನ್ನುವ ಕತೆ ಪ್ರತಿ ಕಚೇರಿಯಲ್ಲೂ ಒಂದು ಇರುತ್ತದೆ. ಅದನ್ನು ಕೇಳಿ ಹೆದರಬೇಡಿ. ಕಾಯಿಲೆ ಇದ್ದು ಬೇಗ ನಿವೃತ್ತಿ ತೆಗೆದುಕೊಂಡವರೂ ಇಂಥ ಲೆಕ್ಕದಲ್ಲಿ ಸೇರಿರುತ್ತಾರೆ. ಫ್ರಾನ್ಸಿನ ವಿದ್ಯುತ್ ಮತ್ತು ಗ್ಯಾಸ್ ಕಂಪನಿಯ 14,000ಕ್ಕೂ ಹೆಚ್ಚು ನೌಕರರನ್ನು ನಿವೃತ್ತಿಗೆ ಏಳು ವರ್ಷ ಮುಂಚಿನಿಂದ ಏಳು ವರ್ಷ ನಂತರದವರೆಗೆ ಗಮನಿಸಿದರು. ನಿವೃತ್ತಿಯ ಹೊತ್ತಿಗೆ ಅವರ ಸುಸ್ತು, ಖಿನ್ನತೆಯ ಲಕ್ಷಣ ಎರಡೂ ಇಳಿದವು. ಸಕ್ಕರೆ ಕಾಯಿಲೆ, ಹೃದ್ರೋಗ ಮಾತ್ರ ವಯಸ್ಸಿನ ಜೊತೆ ತಮ್ಮ ಪಾಡಿಗೆ ಏರುತ್ತಲೇ ಇದ್ದವು, ನಿವೃತ್ತಿಯಿಂದ ಅವಕ್ಕೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಇನ್ನೊಂದು ಕಡೆ, ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ ನಡೆದ ಅಧ್ಯಯನದಲ್ಲಿ ನಿವೃತ್ತಿಯ ನಂತರ ಪದಗಳ ನೆನಪು ಮುಂಚಿಗಿಂತ ಬೇಗ ಕುಗ್ಗಿದ್ದು ಕಂಡುಬಂತು. ತಮಾಷೆ ಏನೆಂದರೆ ದೊಡ್ಡ ಹುದ್ದೆಯವರಿಗೆ ಕೆಲಸದಲ್ಲಿದ್ದಾಗ ಸಿಗುತ್ತಿದ್ದ ರಕ್ಷಣೆ ಕುರ್ಚಿ ಬಿಟ್ಟ ಮೇಲೆ ಸಿಗಲಿಲ್ಲ. ಸಾಹೇಬರಾದರೂ ಅಷ್ಟೇ, ಗುಮಾಸ್ತರಾದರೂ ಅಷ್ಟೇ.

ಹಾಗಾಗಿ ಕೆಲಸ ಹಿಂಡುತ್ತಿದ್ದರೆ ಬಿಟ್ಟಾಗ ಹಾಯೆನಿಸುತ್ತದೆ. ಕೆಲಸವೇ ನಿಮ್ಮನ್ನು ಎಬ್ಬಿಸಿ ಓಡಾಡಿಸುತ್ತಿದ್ದರೆ ಕಷ್ಟ. ನಮ್ಮಲ್ಲಿ ಬಹುತೇಕರಿಗೆ ಎರಡೂ ಸ್ವಲ್ಪ ಸ್ವಲ್ಪ.

ಹೆಜ್ಜೆ 1: ಕೊನೆಯ ಆರು ತಿಂಗಳಲ್ಲಿ ಇನ್ಶೂರೆನ್ಸ್ ಮುಗಿಸಿ

ಪಿಂಚಣಿ ಕಾಗದ, ಗಳಿಕೆ ರಜೆ ಲೆಕ್ಕ ಅಂತ ಓಡಾಡುವ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಇದನ್ನು. ಕಂಪನಿ ಮಾಡಿಸಿದ್ದ ಗ್ರೂಪ್ ಇನ್ಶೂರೆನ್ಸ್ ಸಾಮಾನ್ಯವಾಗಿ ನೌಕರಿಯ ಜೊತೆಗೇ ಮುಗಿಯುತ್ತದೆ. ಅದೇ ಇನ್ಶೂರೆನ್ಸ್ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳುವ ದಾರಿ ಇದೆ, ಹಾಗೆ ಮಾಡಿದರೆ ಹಳೇ ಕಾಯಿಲೆಗೆ ಕ್ಲೇಮು ಸಿಗಲು ಕಾದ ವರ್ಷಗಳ ಲೆಕ್ಕವೂ ಉಳಿಯುತ್ತದೆ. ಆದರೆ ಗ್ರೂಪ್ ಪಾಲಿಸಿ ಇನ್ನೂ ಜೀವಂತ ಇದ್ದಾಗಲೇ ಕೇಳಬೇಕು. ಸರ್ಕಾರಿ ನೌಕರರು ತಮಗಿರುವ ಸೌಲಭ್ಯ ನಿವೃತ್ತಿಯ ನಂತರವೂ ನಡೆಯುತ್ತದಾ ಅಂತ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. "ಇರಬೇಕು ಸಾರ್" ಅನ್ನುವ ಉತ್ತರ ಉತ್ತರವಲ್ಲ.

ಹೊಸ ಪಾಲಿಸಿ ಕೊಳ್ಳುವವರಿಗೆ ಒಂದೆರಡು ಒಳ್ಳೆಯ ಸುದ್ದಿ ಇವೆ. 2024ರ ಏಪ್ರಿಲ್‌ನಿಂದ ಇನ್ಶೂರೆನ್ಸ್ ನಿಯಂತ್ರಣ ಸಂಸ್ಥೆ ಹೊಸ ಪಾಲಿಸಿ ಕೊಳ್ಳಲು ಇದ್ದ 65 ವರ್ಷದ ವಯಸ್ಸಿನ ಮಿತಿ ತೆಗೆದುಹಾಕಿದೆ. ಮೊದಲೇ ಇರುವ ಕಾಯಿಲೆಗೆ ಕಾಯಿಸುವ ಅವಧಿ ಗರಿಷ್ಠ ನಾಲ್ಕು ವರ್ಷ ಇದ್ದದ್ದು ಮೂರಕ್ಕೆ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಬಿಪಿ, ಶುಗರ್ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ. ಏಜೆಂಟ್ "ಅದೆಲ್ಲಾ ಬರೀಬೇಡಿ ಸಾರ್, ಪ್ರೀಮಿಯಂ ಜಾಸ್ತಿ ಆಗುತ್ತೆ" ಅನ್ನುತ್ತಾನೆ. ಆಸ್ಪತ್ರೆಯಲ್ಲಿ ಮಲಗಿದಾಗ ಕ್ಲೇಮು ತಿರಸ್ಕಾರವಾಗುವುದು ನಿಮ್ಮದು, ಅವನದ್ದಲ್ಲ.

ಪೀಣ್ಯದ ಕಾರ್ಖಾನೆಯವರು, ಗಾರ್ಮೆಂಟ್ಸ್‌ನವರು ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಮರೆಯಬೇಡಿ. ಕನಿಷ್ಠ ಐದು ವರ್ಷ ಇಎಸ್‌ಐ ಕಟ್ಟಿ ನಿವೃತ್ತರಾದವರಿಗೆ ವರ್ಷಕ್ಕೆ ಕೇವಲ 120 ರೂಪಾಯಿಗೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಯುತ್ತದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ಇನ್ನು 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, ವರ್ಷಕ್ಕೆ 5 ಲಕ್ಷದವರೆಗಿನ ಆಯುಷ್ಮಾನ್ ಯೋಜನೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಶುರು ಮಾಡಿತು. ನಿಮ್ಮ ಊರಿನ ಯಾವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆ ಅಂತ ಕಾಯಿಲೆ ಬರುವ ಮುಂಚೆಯೇ ಹೋಗಿ ಕೇಳಿಕೊಂಡು ಬನ್ನಿ.

ಹಲ್ಲು, ಕಣ್ಣು, ಹಳೇ ಹರ್ನಿಯಾ, ಮುಂದೂಡುತ್ತಾ ಬಂದ ಚಿಕ್ಕಪುಟ್ಟ ಆಪರೇಷನ್ನು ಇದ್ದರೆ ಸೇವೆಯಲ್ಲಿ ಇರುವಾಗಲೇ ಮುಗಿಸಿ.

ಹೆಜ್ಜೆ 2: ಮೊದಲ ಮೂರು ತಿಂಗಳು ದೊಡ್ಡ ನಿರ್ಧಾರ ಬೇಡ

ನಿದ್ದೆ ಮಾಡಿ. ಊರಿಗೆ ಹೋಗಿ ಬನ್ನಿ. ಸೋಮವಾರ ಬೆಳಗ್ಗೆ ಪೇಪರ್ ಪೂರ್ತಿ ಓದಿ. ಈ ಖುಷಿ ನಿಜವಾದದ್ದೇ, ಅನುಭವಿಸಿ.

ಆದರೆ ಗ್ರಾಚ್ಯುಟಿ ಖಾತೆಗೆ ಬಿದ್ದ ವಾರವೇ ಮನೆ ಪಾಯಕ್ಕೆ ಗುದ್ದಲಿ ಹಾಕಬೇಡಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ನಮ್ಮ ಕಚೇರಿಯವರೊಬ್ಬರು ಎರಡನ್ನೂ ನಿವೃತ್ತಿಯಾದ ವರ್ಷದಲ್ಲೇ ಮಾಡಿ ನೋಡಿದರು. ಮೇಸ್ತ್ರಿ ಕೈಕೊಟ್ಟ, ಛತ್ರದವನು ಬಿಲ್ಲು ಏರಿಸಿದ, ಇವರ ಬಿಪಿ ಮಾತ್ರೆ ಒಂದಿದ್ದದ್ದು ಮೂರಾಯಿತು. ಹಾಗೆಯೇ ಊರು ಬಿಟ್ಟು ಊರಿಗೆ ಹೋಗುವ ತೀರ್ಮಾನ, ಮಗನ ವ್ಯಾಪಾರಕ್ಕೆ ದುಡ್ಡು ಹಾಕುವ ತೀರ್ಮಾನ, ಎಲ್ಲವೂ ಮೂರು ತಿಂಗಳು ಕಾಯಲಿ.

ಇನ್ನೊಂದು ಮಾತು. ರಿಟೈರ್ ಆದವರ ದುಡ್ಡಿನ ವಾಸನೆ ಕಳ್ಳರಿಗೆ ಬೇಗ ಹತ್ತುತ್ತದೆ. ವೀಡಿಯೋ ಕಾಲ್‌ನಲ್ಲಿ ಪೊಲೀಸ್ ವೇಷದಲ್ಲಿ ಬಂದು "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಅಂದರೆ ಫೋನ್ ಇಟ್ಟುಬಿಡಿ. ಕಾನೂನಿನಲ್ಲಿ ಅಂಥದ್ದು ಇಲ್ಲವೇ ಇಲ್ಲ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆರೋಗ್ಯದ ಲೇಖನದಲ್ಲಿ ಇದ್ಯಾಕೆ ಅಂತೀರಾ? ಒಂದೇ ದಿನದಲ್ಲಿ ಜೀವಮಾನದ ಉಳಿತಾಯ ಕಳೆದುಕೊಂಡವರ ಮುಖ ನೋಡಿದ್ದೇನೆ, ಅದಕ್ಕೆ.

ಹೆಜ್ಜೆ 3: ಕಾಲಿಗೆ ಕೆಲಸ ಕೊಡಿ

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಸ್ವಲ್ಪ ಏದುಸಿರು ಬರುವ ನಡಿಗೆ, ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕಸರತ್ತು, 65 ದಾಟಿದವರಿಗೆ ಅದರ ಜೊತೆ ವಾರಕ್ಕೆ ಮೂರು ದಿನ ಬ್ಯಾಲೆನ್ಸ್ ಅಭ್ಯಾಸ. ನಡಿಗೆ ನಮ್ಮವರು ಹೇಗೋ ಮಾಡುತ್ತಾರೆ. ಪಾರ್ಕಿನಲ್ಲಿ ನಾಲ್ಕು ಜನ ಸಾಲಾಗಿ ರಾಜಕೀಯ ಮಾತಾಡುತ್ತಾ ಹೋಗುವುದನ್ನು ನಡಿಗೆ ಅಂತ ಕರೆಯಬಹುದಾದರೆ! ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು.

ಎಲ್ಲರೂ ಬಿಡುವುದು ಸ್ನಾಯುವಿನ ಕಸರತ್ತನ್ನು. ವಯಸ್ಸಾದಂತೆ ತೊಡೆಯ ಮಾಂಸ ಕರಗುತ್ತದೆ, ಕೂತೇ ಇದ್ದರೆ ಇನ್ನೂ ಬೇಗ. ಮುಂದೆ ಬಚ್ಚಲಲ್ಲಿ ಬೀಳುವುದು, ಬಸ್ ಹತ್ತಲು ಆಗದಿರುವುದು ಎಲ್ಲಾ ಅಲ್ಲಿಂದಲೇ. ಈಗಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಗೋಡೆಗೆ ಒರಗಿಸಿದ, ಕೈ ಇಲ್ಲದ ಗಟ್ಟಿ ಕುರ್ಚಿ ತೆಗೆದುಕೊಳ್ಳಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಳ್ಳಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಅಂತ ಎಣಿಸಿ. 60ರಿಂದ 64ರ ಗಂಡಸರಿಗೆ 14ಕ್ಕಿಂತ ಕಡಿಮೆ, ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲು ಸೋತಿದೆ ಅಂತ ಅರ್ಥ. ನನಗೆ ಬಂದದ್ದು 9.

ಔಷಧಿಯೂ ಅದೇ ಕುರ್ಚಿ. ಹತ್ತು ಸಲ ಎದ್ದು ಕೂರುವುದು, ಸ್ವಲ್ಪ ವಿರಾಮ, ಮತ್ತೆ ಹತ್ತು. ಕಷ್ಟವಾದರೆ ಮೊದಲು ಕೈ ಊರಿಯೇ ಮಾಡಿ. ಗೋಡೆಗೆ ಕೈ ಕೊಟ್ಟು ದಂಡ ಹೊಡೆದಂತೆ ತಳ್ಳುವುದು ಹದಿನೈದು ಸಲ. ಅಡುಗೆಮನೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಹಾಲು ಉಕ್ಕುವವರೆಗೆ. ಜಿಮ್ಮು ಬೇಡ, ಬೂಟು ಬೇಡ. ಎದೆನೋವು, ತಲೆಸುತ್ತು, ಮಂಡಿ ಆಪರೇಷನ್ನು ಆಗಿದ್ದರೆ ಮಾತ್ರ ಡಾಕ್ಟರನ್ನು ಕೇಳಿ ಶುರು ಮಾಡಿ.

ಜೊತೆಗೆ ಕಚೇರಿಯ ಓಡಾಟದ ತರಹವೇ ಕಾರಣ ಇಟ್ಟುಕೊಂಡು ನಡೆಯಿರಿ. ಹಾಲು ಮನೆಗೆ ಹಾಕಿಸುವುದನ್ನು ನಾನು ನಿಲ್ಲಿಸಿದೆ, ಬೂತಿಗೆ ನಡೆದು ಹೋಗುತ್ತೇನೆ. ತರಕಾರಿ ಒಂದೇ ಸಲ ವಾರಕ್ಕಾಗುವಷ್ಟು ತರುವುದಿಲ್ಲ, ದಿನಾ ಒಂದು ಕಟ್ಟು ಸೊಪ್ಪು. ವಾಕಿಂಗ್ ಅಂದರೆ ಮಳೆ, ಚಳಿ ಅಂತ ನೆಪ ಹೇಳುವ ನಾನು ಹಾಲಿಲ್ಲದೆ ಕಾಫಿ ಇಲ್ಲ ಅಂದರೆ ಕೊಡೆ ಹಿಡಿದು ಹೋಗುತ್ತೇನೆ.

ಹೆಜ್ಜೆ 4: ಊಟ, ನಿದ್ದೆ, ಆ ಸಂಜೆಯ ಗ್ಲಾಸು

ಮನೆಯಲ್ಲಿದ್ದರೆ ಅಡುಗೆಮನೆ ಹತ್ತು ಹೆಜ್ಜೆ ದೂರ. ಹನ್ನೊಂದಕ್ಕೆ ಚಕ್ಕುಲಿ, ನಾಲ್ಕಕ್ಕೆ ಬೋಂಡ, ನಡುವೆ ಮೂರು ಕಾಫಿ. ಉಪ್ಪಿನಕಾಯಿ, ಹಪ್ಪಳದ ಉಪ್ಪು ಬೇರೆ. ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚೆಯೊಳಗೆ ಉಪ್ಪು ಇರಬೇಕು ಅನ್ನುವುದು ಸಲಹೆ. ಸುಲಭದ ದಾರಿ ಅಂದರೆ ಡಬ್ಬಿಯ ಕಾಲದ ಟೈಮೇ ಇಟ್ಟುಕೊಳ್ಳುವುದು. ಒಂದೂವರೆಗೆ ಡಬ್ಬಿ ತೆರೆಯುತ್ತಿದ್ದರೆ ಈಗಲೂ ಒಂದೂವರೆಗೇ ಊಟ.

ಸ್ನಾಯು ಉಳಿಯಬೇಕಾದರೆ ಪ್ರೋಟೀನು ಬೇಕು. ಈ ವಯಸ್ಸಿನಲ್ಲಿ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1 ಗ್ರಾಂ ಅಂತ ತಜ್ಞರು ಹೇಳುತ್ತಾರೆ. 60 ಕಿಲೋ ಇದ್ದರೆ 60 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಮ್ಮಿ ಅಷ್ಟೇ, ಒಂದು ಹಿಡಿ ಹುರಿಗಡಲೆಯಲ್ಲೂ ಅಷ್ಟೇ. ತಿಳಿಸಾರು ಅನ್ನದಲ್ಲಿ ಅದು ತುಂಬುವುದಿಲ್ಲ. ಸಾರಿನ ತಳದ ಬೇಳೆ ಬಡಿಸಿಕೊಳ್ಳಿ, ಮೊಳಕೆ ಹುರುಳಿ, ಕೋಸಂಬರಿ, ಮೊಸರು, ತಿನ್ನುವವರು ಮೀನು ಮೊಟ್ಟೆ ಸೇರಿಸಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಕೇಳದೆ ಹೆಚ್ಚಿಸಬೇಡಿ.

ನಿದ್ದೆಗೆ ನನ್ನ ಶತ್ರು ಮಧ್ಯಾಹ್ನದ ನಿದ್ದೆಯೇ ಆಗಿತ್ತು. ಊಟ ಮಾಡಿ ಎರಡು ಗಂಟೆ ಮಲಗಿ, ರಾತ್ರಿ ನಿದ್ದೆ ಬರಲ್ಲ ಅಂತ ಡಾಕ್ಟರ ಹತ್ತಿರ ಹೋಗಿದ್ದೆ! ಈಗ ಅರ್ಧ ಗಂಟೆ, ಅದೂ ಮೂರರೊಳಗೆ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವಂತಾದರೆ ವಯಸ್ಸು ಅಂತ ಸುಮ್ನಿರಬೇಡಿ, ಸಕ್ಕರೆ ಮತ್ತು ಪ್ರಾಸ್ಟೇಟ್ ಎರಡನ್ನೂ ತೋರಿಸಿ. ಏಳುವಾಗ ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಿ. ಬಿಪಿ ಮಾತ್ರೆ ತಗೊಳ್ಳುವವರು ಹಠಾತ್ ಎದ್ದರೆ ತಲೆ ತಿರುಗಿ ಬೀಳಬಹುದು. ಬಚ್ಚಲಿಗೆ ಒಂದು ಹಿಡಿಕೆ ಹಾಕಿಸಿ, ರಾತ್ರಿ ದೀಪ ಹಾಕಿಡಿ.

ಗ್ಲಾಸಿನ ವಿಷಯ. ಮುಂಚೆ ಶನಿವಾರ ಮಾತ್ರ ಇದ್ದದ್ದು, ನಾಳೆ ಆಫೀಸಿಲ್ಲವಲ್ಲ ಅಂತ ದಿನಾ ಆಗುತ್ತದೆ. ಗಮನಕ್ಕೇ ಬರುವುದಿಲ್ಲ. ಕ್ಯಾಲೆಂಡರಿನಲ್ಲಿ ಕುಡಿದ ದಿನಕ್ಕೆ ಒಂದು ಚುಕ್ಕಿ ಇಡಿ, ತಿಂಗಳ ಕೊನೆಗೆ ನೀವೇ ನೋಡಿ.

ಹೆಜ್ಜೆ 5: ಮನೆಯೊಳಗಿನ ಗಡಿ ಗುರುತಿಸಿ

ಈ ವಿಷಯ ಯಾವ ಡಾಕ್ಟರೂ ಬರೆದುಕೊಡುವುದಿಲ್ಲ. ಆದರೆ ನನ್ನ ಮಟ್ಟಿಗೆ ಅರ್ಧ ಕಾಯಿಲೆ ಇಲ್ಲೇ ಇತ್ತು.

ಮೂವತ್ತು ವರ್ಷ ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಈ ಮನೆ ನನ್ನ ಹೆಂಡತಿಯದು. ಅವಳಿಗೆ ಅವಳದೇ ಕ್ರಮ, ಅವಳದೇ ರೇಡಿಯೋ, ಪಕ್ಕದ ಮನೆಯವರ ಜೊತೆ ಹನ್ನೆರಡು ಗಂಟೆಯ ಮಾತು. ಅಲ್ಲಿಗೆ ಒಬ್ಬ ನಿವೃತ್ತ ಸೂಪರಿಂಟೆಂಡೆಂಟ್ ಬಂದು, ಗ್ಯಾಸ್ ಯಾಕೆ ಇಷ್ಟು ಉರಿ, ಕೊತ್ತಂಬರಿ ಯಾಕೆ ಹೀಗೆ ಹೆಚ್ಚಿದೆ, ಫ್ರಿಜ್ಜಿನಲ್ಲಿ ಇದು ಯಾವಾಗಿನದು ಅಂತ ತಪಾಸಣೆ ಶುರು ಮಾಡಿದ. ಎರಡನೇ ತಿಂಗಳು ಅವಳು ಸೌಟು ಕೆಳಗಿಟ್ಟು ಹೇಳಿದಳು: "ರೀ, ನಿಮ್ಮ ಆಫೀಸಲ್ಲಿ ನಾನು ಬಂದು ಫೈಲು ನೋಡಿದ್ನಾ?"

ಜಪಾನಿನಲ್ಲಿ ಇದಕ್ಕೊಂದು ಹೆಸರೇ ಇದೆಯಂತೆ. ಗಂಡ ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ ಹೆಂಡತಿಗೆ ತಲೆನೋವು, ಹೊಟ್ಟೆನೋವು, ಬಿಪಿ ಬರುವುದನ್ನು ಅಲ್ಲಿನ ವೈದ್ಯರೊಬ್ಬರು 1991ರಲ್ಲೇ ಗುರುತಿಸಿದ್ದರು. ಅಂದರೆ ನಿವೃತ್ತಿ ನನ್ನದು, ಕಾಯಿಲೆ ಅವಳಿಗೆ.

ನಾವು ಕೊನೆಗೆ ಕೂತು ಮಾತಾಡಿ ಮಾಡಿಕೊಂಡ ಒಪ್ಪಂದ ಇದು. ಬೆಳಗಿನ ಕಾಫಿ, ತಿಂಡಿಯ ಪಾತ್ರೆ, ಬಟ್ಟೆ ಒಣಗಿಸುವುದು, ಸಂಜೆಯ ತರಕಾರಿ ನನ್ನ ಖಾತೆ. ಅದರಲ್ಲಿ ಅವಳು ತಲೆ ಹಾಕುವುದಿಲ್ಲ, ಲೋಟದಲ್ಲಿ ಸೋಪು ಉಳಿದಿದ್ದರೂ. ಉಳಿದ ಅಡುಗೆ ಅವಳದು, ಅಲ್ಲಿ ನಾನು ಬಾಯಿ ಹಾಕುವುದಿಲ್ಲ. ಹತ್ತೂವರೆಯಿಂದ ಒಂದರವರೆಗೆ ನಾನು ಮನೆಯಲ್ಲಿ ಇರುವುದಿಲ್ಲ. ಎಲ್ಲಿಗಾದರೂ ಹೋಗಲಿ, ಇರುವಂತಿಲ್ಲ. ನಿಮ್ಮ ಮನೆಗೆ ನಿಮ್ಮ ಪಟ್ಟಿ ಮಾಡಿಕೊಳ್ಳಿ, ಆದರೆ ಮಾಡಿಕೊಳ್ಳಿ.

ಹೆಂಗಸರ ನಿವೃತ್ತಿ ಬೇರೆಯೇ ಕತೆ. ನನ್ನ ಅಕ್ಕ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವಳು. "ನಾನು ರಿಟೈರ್ ಆಗಿದ್ದು ಶಾಲೆಯಿಂದ ಮಾತ್ರ ಕಣೋ" ಅನ್ನುತ್ತಾಳೆ. ಶಾಲೆಗೆ ಹೋಗುವ ಆರು ಗಂಟೆ ಅವಳಿಗೆ ಕೂರಲು ಕುರ್ಚಿಯಾದರೂ ಇತ್ತು. ಈಗ ಮೊಮ್ಮಗು, ಅತ್ತೆಯ ಔಷಧಿ, ಮೂರು ಹೊತ್ತಿನ ಅಡುಗೆ. ಮಂಡಿನೋವು ಜಾಸ್ತಿಯಾಗದೆ ಇನ್ನೇನು? ಮೊಮ್ಮಕ್ಕಳನ್ನು ನೋಡಿಕೊಳ್ಳುವುದು ಸಂತೋಷವೇ, ಆದರೆ ವಾರಕ್ಕೆ ಇಷ್ಟು ದಿನ, ಇಷ್ಟು ಹೊತ್ತು ಅಂತ ಮಗ ಸೊಸೆಯ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ನಾಚಿಕೆ ಪಡಬೇಡಿ. ಅಕ್ಕ ಈಗ ಭಾನುವಾರ, ಬುಧವಾರ ಮಗು ನೋಡುವುದಿಲ್ಲ. ತಿಂಗಳಿಗೊಮ್ಮೆ ಹಳೇ ಟೀಚರುಗಳ ಗುಂಪು ಕಟ್ಟಿಕೊಂಡು ಶಕ್ತಿ ಯೋಜನೆಯ ಫ್ರೀ ಬಸ್ಸಿನಲ್ಲಿ ಧರ್ಮಸ್ಥಳವೋ ಶೃಂಗೇರಿಯೋ ಅಂತ ಹೊರಟುಬಿಡುತ್ತಾಳೆ. ನಾವು ಗಂಡಸರಿಗೆ ಕೆಎಸ್‌ಆರ್‌ಟಿಸಿಯಲ್ಲಿ 60 ದಾಟಿದರೆ ಕಾಲು ಭಾಗ ರಿಯಾಯಿತಿ ಮಾತ್ರ, ಇರಲಿ.

ಹೆಜ್ಜೆ 6: ನಿಮ್ಮನ್ನು ಕಾಯುವ ಒಂದು ಜಾಗ

ಹತ್ತೂವರೆಗೆ ಮನೆಯಿಂದ ಆಚೆ ಬಿದ್ದವನು ಎಲ್ಲಿಗೆ ಹೋಗುವುದು? ಮೊದಲು ಹಳೇ ಆಫೀಸಿಗೇ ಹೋದೆ. ಮೊದಲ ಸಲ ಟೀ ಕೊಟ್ಟರು, ಎರಡನೇ ಸಲ ಕುರ್ಚಿ ಕೊಟ್ಟರು, ಮೂರನೇ ಸಲ "ಏನ್ ಸಾರ್, ಏನಾದ್ರೂ ಕೆಲಸ ಇತ್ತಾ?" ಅಂದರು. ಅಲ್ಲಿಗೆ ಹೋಗಬೇಡಿ.

ಬೇಕಾದದ್ದು, ನೀವು ಹೋಗದಿದ್ದರೆ ಯಾರಾದರೂ "ಯಾಕೆ ಬರಲಿಲ್ಲ?" ಅಂತ ಕೇಳುವ ಜಾಗ. ಟಿವಿ ಕೇಳುವುದಿಲ್ಲ, ವಾಟ್ಸಾಪ್ ಗುಂಪೂ ಕೇಳುವುದಿಲ್ಲ. ಮಾಸ್ತಿಯವರನ್ನೇ ನೋಡಿ. ಮೈಸೂರು ಸರ್ಕಾರದ ದೊಡ್ಡ ಹುದ್ದೆಗೆ 1943ರಲ್ಲಿ ರಾಜೀನಾಮೆ ಕೊಟ್ಟು ಬಂದವರು ಸುಮಾರು ಎರಡು ದಶಕ 'ಜೀವನ' ಪತ್ರಿಕೆ ನಡೆಸಿದರು, ಜೊತೆಗೆ ಸಂಜೆಯಾದರೆ ಕೊಡೆ ಹಿಡಿದು ಬಸವನಗುಡಿಯ ಕ್ಲಬ್ಬಿಗೆ ಇಸ್ಪೀಟಾಡಲು ಹೋಗುತ್ತಿದ್ದರು. ತೊಂಬತ್ತೈದು ವರ್ಷ ಬದುಕಿದರು. ಇಸ್ಪೀಟಿನಿಂದಲೇ ಬದುಕಿದರು ಅಂತ ಹೇಳುತ್ತಿಲ್ಲ. ಆದರೆ ಬೆಳಗ್ಗೆ ಒಂದು ಗಡುವು, ಸಂಜೆ ಒಂದು ಗುಂಪು, ಈ ಜೋಡಿ ನನಗೆ ಇಷ್ಟವಾಯಿತು.

ನನಗೆ ಸಿಕ್ಕಿದ್ದು ಹತ್ತಿರದ ಸರ್ಕಾರಿ ಶಾಲೆ. ಮಂಗಳವಾರ, ಗುರುವಾರ ಏಳನೇ ಕ್ಲಾಸಿನ ಮಕ್ಕಳಿಗೆ ಲೆಕ್ಕ. ನಿಮಗೆ ನಿವೃತ್ತ ನೌಕರರ ಸಂಘದಲ್ಲಿ ಪಿಂಚಣಿ ಅರ್ಜಿ ತುಂಬಿಕೊಡುವುದು ಇರಬಹುದು, ಭಜನಾ ಮಂಡಳಿ ಇರಬಹುದು, ಗ್ರಂಥಾಲಯ, ಕೆರೆ ಉಳಿಸುವ ಗುಂಪು, ತೋಟ, ಅರ್ಧ ದಿನದ ಲೆಕ್ಕಪತ್ರದ ಕೆಲಸ ಯಾವುದಾದರೂ ಸರಿ. ಮೆದುಳಿಗೂ ಒಳ್ಳೆಯದು. ಮರೆವಿನ ಕಾಯಿಲೆಯ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ ನಾವು ತಡೆಯಬಹುದಾದ 14 ಕಾರಣ ಪಟ್ಟಿ ಮಾಡಿತು. ಒಂಟಿತನ, ಕಿವುಡು, ನೋಟ ಮಂದವಾಗುವುದು, ಬಿಪಿ, ಸಕ್ಕರೆ, ಕೂತಲ್ಲೇ ಕೂರುವುದು ಎಲ್ಲವೂ ಅದರಲ್ಲಿವೆ. ಅದಕ್ಕೇ ಹೇಳುವುದು, ಟಿವಿ ಸೌಂಡ್ ಜಾಸ್ತಿ ಅಂತ ಮನೆಯವರು ಗೊಣಗುತ್ತಿದ್ದರೆ ಕಿವಿ ಪರೀಕ್ಷೆ ಮಾಡಿಸಿ. ಕನ್ನಡಕ ಹಾಕಲು ನಾಚದವರು ಕಿವಿಯ ಮಿಷನ್ನಿಗೆ ಯಾಕೆ ನಾಚುತ್ತಾರೋ ನನಗಂತೂ ಅರ್ಥವಾಗಿಲ್ಲ. ಕಿವಿ ಕೇಳದವರು ಮೆಲ್ಲಗೆ ಮದುವೆ ಮುಂಜಿಗೆ ಹೋಗುವುದು ಬಿಡುತ್ತಾರೆ, ಆಮೇಲೆ ಮಾತೇ ಬಿಡುತ್ತಾರೆ.

ಹೆಜ್ಜೆ 7: ಮನಸ್ಸು ಕುಸಿದರೆ

ಮೊದಲ ಖುಷಿ ಇಳಿದ ಮೇಲೆ, ಐದಾರು ತಿಂಗಳಿಗೆ ಒಂದು ಮಂಕು ಕವಿಯುವುದು ಉಂಟು. ಫೋನ್ ರಿಂಗಾಗುವುದಿಲ್ಲ. ಮದುವೆಯಲ್ಲಿ ಮುಂದಿನ ಸಾಲಿಗೆ ಕರೆಯುವುದಿಲ್ಲ. ಇದು ತಾನಾಗಿ ತಿಳಿಯಾಗಬಹುದು. ಆದರೆ ಎರಡು ವಾರಕ್ಕೂ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿ ಇಲ್ಲ, ಊಟ ಸೇರಲ್ಲ, ನಸುಕಿನಲ್ಲೇ ಎಚ್ಚರ, ಯಾಕಾದರೂ ಬದುಕಿದ್ದೀನೋ ಅನ್ನುವ ಮಾತು ಬಂದರೆ ಅದು ಖಿನ್ನತೆ ಇರಬಹುದು, ತೋರಿಸಬೇಕು. ನಮ್ಮ ವಯಸ್ಸಿನವರು "ಬೇಜಾರು" ಅನ್ನುವುದಿಲ್ಲ. ಮೈಕೈ ನೋವು, ಎದೆ ಡವಡವ, ಹೊಟ್ಟೆ ಸರಿಯಿಲ್ಲ ಅನ್ನುತ್ತೇವೆ. ಮನೆಯವರು ಇದನ್ನು ಗಮನಿಸಬೇಕು. ಥೈರಾಯ್ಡ್ ಅಥವಾ ಬಿ12 ಕಡಿಮೆಯಾದರೂ ಇದೇ ತರಹ ಕಾಣಬಹುದು, ಹಾಗಾಗಿ ರಕ್ತ ಪರೀಕ್ಷೆಯೂ ಇರಲಿ.

14416 ಅನ್ನುವ ಟೆಲಿ ಮಾನಸ್ ಸಂಖ್ಯೆ ಬರೆದಿಟ್ಟುಕೊಳ್ಳಿ, ಇದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರಲ್ಲಿ ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದಿದೆ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹಿಂಸೆ, ಮಕ್ಕಳು ನೋಡಿಕೊಳ್ಳುತ್ತಿಲ್ಲ, ಪಿಂಚಣಿ ತೊಂದರೆ ಅಂತಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567.

ಹೆಜ್ಜೆ 8: ಹಳ್ಳಿಗೆ ಅಥವಾ ಮಕ್ಕಳ ಹತ್ತಿರ ಹೋಗುವವರು

ಹಳ್ಳಿಯ ಗಾಳಿ, ತೋಟದ ಕೆಲಸ ಎಲ್ಲಾ ಚೆನ್ನ. ಆದರೆ ಮನೆ ರಿಪೇರಿಗೆ ಮುಂಚೆ ಒಂದು ರಾತ್ರಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಗಾಡಿಯಲ್ಲಿ ಹೋಗಿ ಬನ್ನಿ, ಎಷ್ಟು ಹೊತ್ತು ಹಿಡಿಯಿತು ನೋಡಿ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದಲ್ಲೇ ಇಸಿಜಿ ತೆಗೆದು, ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಅದು ಇದೆಯಾ ಅಂತ ಅವತ್ತೇ ಕೇಳಿಕೊಂಡು ಬನ್ನಿ.

ಅಮೆರಿಕದ ಮಗಳ ಮನೆಗೆ ಆರು ತಿಂಗಳು ಹೋಗುವವರಿಗೆ ಬೇರೆ ಪಾಠ. ಪ್ರವಾಸಿಗಳ ಇನ್ಶೂರೆನ್ಸ್ ಹೆಚ್ಚಾಗಿ ಹಳೇ ಕಾಯಿಲೆಗೆ ದುಡ್ಡು ಕೊಡುವುದಿಲ್ಲ, ಷರತ್ತು ಓದಿ. ಮಾತ್ರೆಗಳನ್ನು ಚೀಟಿ ಸಮೇತ ಪೂರ್ತಿ ಅವಧಿಗೆ ಒಯ್ಯಿರಿ. ಹಗಲೆಲ್ಲಾ ಮಗಳು ಅಳಿಯ ಆಫೀಸಿಗೆ, ಕಾರಿಲ್ಲದೆ ಅಂಗಡಿಗೂ ಹೋಗುವಂತಿಲ್ಲ, ಚಳಿಗಾಲದಲ್ಲಂತೂ ಬಾಗಿಲು ತೆರೆಯುವಂತಿಲ್ಲ. ಹೊರಡುವ ಮುಂಚೆಯೇ ಆ ಊರಿನ ಕನ್ನಡ ಕೂಟದವರ ಪರಿಚಯ ಮಾಡಿಸಲು ಮಗಳಿಗೆ ಹೇಳಿ.

ಹೆಜ್ಜೆ 9: ಪ್ರತಿ ನವೆಂಬರ್

ಪಿಂಚಣಿದಾರರಿಗೆ ನವೆಂಬರ್ ಅಂದರೆ ಜೀವಿತ ಪ್ರಮಾಣ ಪತ್ರ, ಬದುಕಿದ್ದೇವೆ ಅಂತ ತೋರಿಸುವ ತಿಂಗಳು. ಈಗ ಮೊಬೈಲಿಗೆ ಮುಖ ತೋರಿಸಿದರೂ ಆಗುತ್ತದೆ. ಅದೇ ವಾರ ಪರೀಕ್ಷೆಗಳನ್ನೂ ಮಾಡಿಸಿಬಿಡಿ, ನೆನಪಿಡುವ ಕಷ್ಟ ಇಲ್ಲ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಮೂತ್ರಪಿಂಡಕ್ಕೆ ಕ್ರಿಯಾಟಿನಿನ್, ಬಿ12. ಸಸ್ಯಾಹಾರಿಗಳು, ಶುಗರಿಗೆ ಮೆಟ್‌ಫಾರ್ಮಿನ್ ನುಂಗುವವರು ಬಿ12 ಬಿಡಲೇಬೇಡಿ. ಕಣ್ಣಿನಲ್ಲಿ ಪೊರೆ ಮಾತ್ರವಲ್ಲ, ಗ್ಲಾಕೋಮಾ ಇದೆಯಾ ಅಂತ ಕಣ್ಣಿನೊಳಗಿನ ಒತ್ತಡವನ್ನೂ ನೋಡಲು ಹೇಳಿ. ಫ್ಲೂ, ನ್ಯುಮೋನಿಯಾ ಲಸಿಕೆ ನಿಮಗೆ ಬೇಕಾ ಅಂತ ಅದೇ ಡಾಕ್ಟರನ್ನು ಕೇಳಿ. ಹೆಂಗಸರು ಸ್ತನ ಪರೀಕ್ಷೆಯನ್ನು "ಈ ವಯಸ್ಸಲ್ಲಿ ಯಾಕೆ" ಅಂತ ಬಿಡಬೇಡಿ, ಈ ವಯಸ್ಸಿಗೇ ಬೇಕಾದದ್ದು.

ಎಲ್ಲಾ ವರದಿಗಳನ್ನು ಒಂದೇ ಕಡತದಲ್ಲಿ ತಾರೀಖಿನ ಪ್ರಕಾರ ಹಾಕಿ. ಕಡತ ಇಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ ಅಲ್ವಾ? ನನ್ನ ಕಡತದಲ್ಲಿ 6.3ರ ಮೇಲೆ ಈಗ 5.8ರ ಹಾಳೆ ಇದೆ, ಕುರ್ಚಿ ಪರೀಕ್ಷೆ 15. ಮನೆಗೆ ಬಿಪಿ ಮಿಷನ್ನು ತರುವುದಾದರೆ ತೋಳಿಗೆ ಕಟ್ಟುವುದನ್ನೇ ತನ್ನಿ, ಮಣಿಕಟ್ಟಿನದು ಬೇಡ. ನೋಡುವ ಅರ್ಧ ಗಂಟೆ ಮುಂಚೆ ಕಾಫಿ ಕುಡಿಯಬೇಡಿ, ಐದು ನಿಮಿಷ ಮಾತಾಡದೆ ಕೂತು ಆಮೇಲೆ ನೋಡಿ. ಈ ಐದು ನಿಮಿಷವೇ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟ.